ಕವಡೆಯ ಹೊಳಪು

ಬೆಂಗಳೂರಿನ ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ಟಿನ ಸುತ್ತಲಿನ ಬೀದಿಗಳಲ್ಲಿ, ಮಣಿ ಗೆಜ್ಜೆ ದಾರಗಳ ನಡುವೆ ಕವಡೆಯೂ ಸಿಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿಗೆ ಕಡಲಿನ ಒಂದು ಪುಟ್ಟ ಬಸವನಹುಳು ತನ್ನ ಮನೆಯನ್ನಷ್ಟೇ ಕಳಿಸಿದೆ.

ಆ ಹೊಳಪನ್ನು ಗಮನಿಸಬೇಕು. ಅದು ಯಾರೋ ಉಜ್ಜಿ ತಂದದ್ದಲ್ಲ. ಬದುಕಿರುವಾಗ ಹುಳು ತನ್ನ ಮೃದುವಾದ ಪೊರೆಯನ್ನು ಎರಡೂ ಬದಿಯಿಂದ ಚಾಚಿ ಚಿಪ್ಪಿನ ಬೆನ್ನನ್ನು ಮುಚ್ಚಿಕೊಳ್ಳುತ್ತದೆ, ಹೊರಮೈಗೆ ಮತ್ತೆ ಮತ್ತೆ ಸುಣ್ಣದ ಪದರ ಬಳಿಯುತ್ತದೆ. ಗಟ್ಟಿಯಾದದ್ದನ್ನು ಕಟ್ಟಿದ್ದೂ ಕಾಯ್ದದ್ದೂ ಕೊಳೆತುಹೋಗುವ ಆ ಮೆತ್ತನೆಯ ಮಾಂಸವೇ. ಹುಳು ಸತ್ತು ದಂಡೆಯ ಬಿಸಿಲಿಗೆ ಬಿದ್ದ ಚಿಪ್ಪು ಮಂಕಾಗುತ್ತದೆ. ಹಾಗಾಗಿ ಥಳಥಳಿಸುವ ಕವಡೆ ಸಾಮಾನ್ಯವಾಗಿ ಜೀವವಿದ್ದಾಗಲೇ ಹಿಡಿದದ್ದು. 14ನೇ ಶತಮಾನದಲ್ಲಿ ಮಾಲ್ಡೀವ್ಸ್‌ನಲ್ಲಿದ್ದ ಪ್ರವಾಸಿ ಇಬ್ನ್ ಬತೂತ ಇದನ್ನು ಬರೆದಿಟ್ಟಿದ್ದಾನೆ: ಕಡಲಿನಿಂದ ತೆಗೆದು ಗುಂಡಿಯಲ್ಲಿ ಹಾಕುತ್ತಿದ್ದರು, ಮಾಂಸ ಕರಗಿ ಚಿಪ್ಪು ಉಳಿಯುತ್ತಿತ್ತು.

ಉಳಿದದ್ದು ಹಣವಾಯಿತು. ಬಂಗಾಳದಲ್ಲಿ ಅದಕ್ಕೆ ಬದಲಾಗಿ ಅಕ್ಕಿ ಬಂತು; ಪಶ್ಚಿಮ ಆಫ್ರಿಕದಲ್ಲಿ, ಹೇಳಲು ಸಂಕಟವಾಗುತ್ತದೆ, ಮನುಷ್ಯರನ್ನೇ ಕೊಂಡರು. ಆಮೇಲೆ 19ನೇ ಶತಮಾನದಲ್ಲಿ ಜಾಂಜಿಬಾರ್ ಕಡೆಯಿಂದ ಹಡಗುಗಟ್ಟಲೆ ಬೇರೊಂದು ಜಾತಿಯ ಕವಡೆ ಬಂದು ಸುರಿಯಿತು, ಬೆಲೆ ಕುಸಿಯಿತು. ಚಿಪ್ಪಿನಲ್ಲಿ ಒಂದು ಬಿರುಕೂ ಬಿಟ್ಟಿರಲಿಲ್ಲ. 2016ರ ನವೆಂಬರ್ 8ರ ರಾತ್ರಿ, ನೋಟು ರದ್ದತಿಯಾದಾಗ, ಇದೇ ಮಾರ್ಕೆಟ್ಟಿನ ಗಲ್ಲಾಪೆಟ್ಟಿಗೆಗಳಲ್ಲಿದ್ದ ಐನೂರು, ಸಾವಿರದ ನೋಟುಗಳಿಗೂ ಹಾಗೇ ಆಯಿತು: ಕಾಗದ ಹರಿಯಲಿಲ್ಲ, ಹಣ ಸತ್ತಿತು. ದೇಹ ನಶ್ವರ, ದುಡ್ಡು ಶಾಶ್ವತ ಎಂದು ನಂಬಿ ಬದುಕುವ ನಮಗೆ ಇದು ಕಣ್ಣೆದುರೇ ಇದ್ದರೂ ಕಾಣುವುದಿಲ್ಲ.

ಕಡಲೊಳಗೆ ಅಳಿವಿನ ರೀತಿಯೇ ಬೇರೆ. ಅಲ್ಲಿ ಬಿಟ್ಟುಹೋದ ಚಿಪ್ಪಿನೊಳಕ್ಕೆ ಸನ್ಯಾಸಿ ಏಡಿ ಹೊಕ್ಕು ಸಂಸಾರ ಹೂಡಬಹುದು. ಅದೂ ಹೋದ ಮೇಲೆ ಚಿಪ್ಪು ಸವೆದು ಮರಳಾಗುತ್ತದೆ. ಒಂದರ ಕೊನೆ ಇನ್ನೊಂದರ ಸೂರು. ನಾವು ಗಾಜಿನ ಡಬ್ಬಿಯಲ್ಲಿ ಕಾಪಾಡಿದ್ದು ಈ ಸರದಿಯಿಂದ ಕಿತ್ತು ತಂದದ್ದನ್ನು. ಕೆಡದಂತೆ ಇಟ್ಟೆವು ನಿಜ, ಯಾರಿಗೂ ಮನೆಯಾಗದಂತೆಯೂ ಇಟ್ಟೆವು.

ಅದಕ್ಕೇ ಹೊಸ ಕವಡೆ ಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ. ಚೌಕಾಬಾರದ ಆಟಕ್ಕೆ ನಾಲ್ಕು ಸಾಕು. ಅಜ್ಜಿಯ ಕಾಲದವು ಮಂಕಾಗಿದ್ದರೂ ಗರ ಚೆನ್ನಾಗಿಯೇ ಬೀಳುತ್ತದೆ.