ಬೆಳ್ಳಿ ಹೋದ ಮೇಲೆ ಉಳಿದ ನೀರು

ಬಾನ್ಸ್ಕಾ ಷ್ಟ್ಯಾವ್ನಿತ್ಸಾದಲ್ಲಿ ಹೇಳಿಕೊಳ್ಳುವಂಥ ನದಿಯಿಲ್ಲ. ಸ್ಲೊವಾಕಿಯಾದ ನಡುಭಾಗದ ಬೆಟ್ಟಗಳಿಗೆ ಅಂಟಿಕೊಂಡಂತಿರುವ ಈ ಹಳೆಯ ಪಟ್ಟಣದ ಬೀದಿಗಳು ಒಂದೋ ಏರುತ್ತವೆ, ಇಲ್ಲವೇ ಇಳಿಯುತ್ತವೆ. ಕಣಿವೆಯಲ್ಲಿ ಹರಿಯುವುದು ಒಂದು ಸಣ್ಣ ಹಳ್ಳ. ಆದರೂ ಊರಿನಿಂದ ಸ್ವಲ್ಪ ದೂರ ಕಾಡಿನ ಹಾದಿ ಹಿಡಿದರೆ ಬೀಚ್ ಮರಗಳ ನಡುವೆ ತಿಳಿನೀರಿನ ಕೆರೆಯೊಂದು ಎದುರಾಗುತ್ತದೆ. ಇನ್ನೊಂದು ದಿಕ್ಕಿಗೆ ಹೋದರೆ ಇನ್ನೊಂದು. ನಿಸರ್ಗವೇ ಮಾಡಿದ್ದೆಂದು ದಂಡೆಯಲ್ಲಿ ಕುಳಿತಿದ್ದರೆ, ಸ್ವಲ್ಪ ಹೊತ್ತಿಗೆ ಒಂದು ಬದಿಯ ದಂಡೆ ತೀರಾ ನೇರವಾಗಿರುವುದು ಕಣ್ಣಿಗೆ ಬೀಳುತ್ತದೆ. ಅದು ಏರಿ. ಮನುಷ್ಯರು ಮಣ್ಣು ಹೊತ್ತು, ಕಲ್ಲು ಜೋಡಿಸಿ ಕಟ್ಟಿದ್ದು.

ಕೆರೆಕಟ್ಟೆಗಳ ನಾಡಿನಿಂದ ಹೋದವರಿಗೆ ಇದೆಲ್ಲ ಪರಿಚಿತ. ಏರಿ ಇದೆ, ತೂಬು ಇದೆ, ಹೆಚ್ಚಾದ ನೀರು ಹೊರಬೀಳಲು ಕೋಡಿ ಇದೆ. ಏರಿಯ ಕೆಳಗೆ ಗದ್ದೆಬಯಲು ಮಾತ್ರ ಇಲ್ಲ. ಅಲ್ಲಿನವರು 'ತಾಯ್ಖ್' ಎಂದು ಕರೆಯುವ ಈ ಕೆರೆಗಳ ನೀರು ಯಾವ ಬೆಳೆಗೂ ಹೋದದ್ದಲ್ಲ. ನೆಲದಡಿಯ ಗಣಿಗಳಲ್ಲಿ ತುಂಬುತ್ತಿದ್ದ ನೀರನ್ನು ಮೇಲೆತ್ತುವ ಯಂತ್ರಗಳಿಗೆ ಅದು ಹೋಗುತ್ತಿತ್ತು.

ಈ ಬೆಟ್ಟಸಾಲು ಕೋಟ್ಯಂತರ ವರ್ಷಗಳ ಹಿಂದೆ ಆರಿದ ಒಂದು ಮಹಾ ಜ್ವಾಲಾಮುಖಿಯ ಅವಶೇಷ. ಇದರ ಅತ್ಯುನ್ನತ ಶಿಖರ ಸಿಟ್ನೊ, 1009 ಮೀಟರ್. ಆ ಬೆಂಕಿ ಬಿಟ್ಟುಹೋದ ಬಂಡೆಗಳ ಬಿರುಕುಗಳಲ್ಲಿ ಬೆಳ್ಳಿಯಿತ್ತು, ಚಿನ್ನವೂ ಇತ್ತು. ಮೈಮೇಲೆ ಬೆಳ್ಳಿ ಮತ್ತು ಚಿನ್ನದ ಹುಡಿ ಮೆತ್ತಿಕೊಂಡ ಎರಡು ಹಲ್ಲಿಗಳನ್ನು ಕುರಿ ಕಾಯುವವನೊಬ್ಬ ಕಂಡನೆಂದೂ, ಗಣಿ ಶುರುವಾದದ್ದು ಹಾಗೆಂದೂ ಊರಿನ ಕಥೆ ಹೇಳುತ್ತದೆ. ಆ ಹಲ್ಲಿಗಳು ಪಟ್ಟಣದ ಲಾಂಛನದಲ್ಲೂ ಸೇರಿವೆ. ಮಧ್ಯಯುಗದಿಂದ ಬೆಳ್ಳಿ ಹೊರಬಂತು. ಕ್ರೆಮ್ನಿತ್ಸಾದ ಟಂಕಸಾಲೆಗೆ ಹೋಯಿತು, ಆಗ ಈ ನಾಡನ್ನು ಆಳುತ್ತಿದ್ದ ಹಂಗೇರಿಯ ಅರಸರ ಬೊಕ್ಕಸಕ್ಕೆ, ಆಮೇಲೆ ವಿಯೆನ್ನಾಕ್ಕೆ ಹೋಯಿತು. ಬಂಡೆ ಬಗ್ಗದಿದ್ದಾಗ 1627ರಲ್ಲಿ ಕಾಸ್ಪರ್ ವೈಂಡ್ಲ್ ಎಂಬವನು ಇಲ್ಲಿಯ ಸುರಂಗದಲ್ಲಿ ಸಿಡಿಮದ್ದು ಇಟ್ಟು ಒಡೆದು ತೋರಿಸಿದ. ಗಣಿಗಾರಿಕೆಯಲ್ಲಿ ಸಿಡಿಮದ್ದು ಬಳಸಿದ ಅತಿ ಹಳೆಯ ಉದಾಹರಣೆಗಳಲ್ಲಿ ಇದೂ ಒಂದು.

ಬಂಡೆಯನ್ನು ಗೆದ್ದವರಿಗೆ ನೀರು ಸೋಲಲಿಲ್ಲ. ಗಣಿ ಆಳಕ್ಕಿಳಿದಷ್ಟೂ ಒಸರು ಹೆಚ್ಚಿತು. ಕುದುರೆಗಳನ್ನು ಕಟ್ಟಿ ರಾಟೆ ತಿರುಗಿಸಿದರು, ಆಳುಗಳನ್ನು ಹಚ್ಚಿದರು. 18ನೇ ಶತಮಾನದ ಹೊಸ್ತಿಲಲ್ಲಿ ಗಣಿಗಳನ್ನೇ ಮುಚ್ಚುವ ಮಾತು ಬಂತು. 1722ರಲ್ಲಿ ಹತ್ತಿರದ ನೊವಾ ಬಾನ್ಯಾದಲ್ಲಿ ಐಸಾಕ್ ಪಾಟರ್ ಎಂಬ ಇಂಗ್ಲಿಷ್ ಎಂಜಿನಿಯರ್ ನೀರೆತ್ತುವ ಉಗಿಯಂತ್ರ ಸ್ಥಾಪಿಸಿದ. ಆದರೆ ಅಂಥ ಯಂತ್ರಗಳ ಸೌದೆಯ ಹಸಿವನ್ನು ಹಿಂಗಿಸುವುದು ಸುಲಭವಿರಲಿಲ್ಲ. ಆಗ ಷ್ಟ್ಯಾವ್ನಿತ್ಸಾದವರು ಆಕಾಶದ ಕಡೆ ನೋಡಿದರು. ಮಳೆ ಬೀಳುತ್ತದೆ, ಹಿಮ ಕರಗುತ್ತದೆ, ಹಿಡಿದಿಟ್ಟುಕೊಂಡರೆ ಸಾಕು.

ಹಿಡಿದಿಡುವ ಕೆಲಸಕ್ಕೆ ಲೆಕ್ಕ ಹಾಕಿಕೊಟ್ಟವನು ಸಾಮುಯೆಲ್ ಮಿಕೊವೀನಿ. ನಕ್ಷೆಗಾರ, ಗಣಿತಜ್ಞ, 1735ರಲ್ಲಿ ಇಲ್ಲಿ ತೆರೆದ ಗಣಿಶಾಲೆಯ ಮೊದಲ ಅಧ್ಯಾಪಕ. ಬೆಟ್ಟದ ಮೈಯನ್ನು ಬಳಸಿಕೊಂಡು, ಕಣ್ಣಿಗೆ ಕಾಣದಷ್ಟು ಇಳಿಜಾರಿನಲ್ಲಿ ಹರಿಯುವ ಕಾಲುವೆಗಳು ಪಕ್ಕದ ಕಣಿವೆಗಳ ಮಳೆಯನ್ನೂ ಕೆರೆಗೆ ತಂದು ಸುರಿದವು. ಒಂದು ಕೆರೆ ತುಂಬಿದರೆ ಕೆಳಗಿನದಕ್ಕೆ. ಸುಮಾರು 60 ಕೆರೆಗಳು ಹೀಗೆ ಎದ್ದವು. 1749ರಲ್ಲಿ ಯೋಜೆಫ್ ಕಾರೊಲ್ ಹೆಲ್ ಎಂಬ ಯಂತ್ರಶಿಲ್ಪಿ, ಎತ್ತರದಿಂದ ಕೊಳವೆಯಲ್ಲಿ ಇಳಿದ ನೀರಿನ ಒತ್ತಡವೇ ಪಂಪನ್ನು ನಡೆಸುವ ಯಂತ್ರ ಮಾಡಿದ. ಮೇಲಿನ ನೀರು ಕೆಳಗಿನ ನೀರನ್ನು ಎತ್ತಿತು. ಇಷ್ಟು ಸರಳವಾಗಿ ಹೇಳಬಹುದಾದ ಸಂಗತಿಗೆ ಎಷ್ಟು ಜನರ ಆಯುಷ್ಯ ಹಿಡಿಯಿತು ಎಂದು ಏರಿಯ ಮೇಲೆ ನಡೆಯುವಾಗ ಯೋಚನೆ ಬಾರದೆ ಇರದು.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ವೊಜ್ನಿತ್ಸಾ ಸುರಂಗ. ಗಣಿಗಳ ನೀರನ್ನು ಎತ್ತುವ ಬದಲು ತಾನಾಗಿ ಹ್ರೊನ್ ನದಿಗೆ ಹರಿಸಿಬಿಡಲು 1782ರಲ್ಲಿ ಅದನ್ನು ಕೊರೆಯಲು ಹೊರಟರು. ಮುಗಿದದ್ದು 1878ರಲ್ಲಿ. ಉದ್ದ ಹದಿನಾರು ಕಿಲೋಮೀಟರಿಗೂ ಹೆಚ್ಚು. ಮೊದಲ ಉಳಿಯೇಟು ಹಾಕಿದವನ ಮಗನೂ ಅದರ ಕೊನೆ ಕಂಡಿರಲಾರ. ಮೊಮ್ಮಗ ಕಂಡಿದ್ದರೆ ಹೆಚ್ಚು. ಎಣ್ಣೆದೀಪದ ಬೆಳಕಿನಲ್ಲಿ ದಿನಕ್ಕೆ ಗೇಣು, ಮೊಳ ಎಂದು ಮುಂದೆ ಸಾಗುತ್ತಿದ್ದವರಿಗೆ ತಮ್ಮ ಪಾಲಿನ ಕೆಲಸ ಯಾವ ಬೆಳಕನ್ನೂ ಮುಟ್ಟುವುದಿಲ್ಲವೆಂಬುದು ಗೊತ್ತಿತ್ತು. ಹೊಟ್ಟೆಪಾಡಿಗೆ ಕೊರೆದರು, ನಿಜ. ಆದರೂ ಒಂದು ಊರು 96 ವರ್ಷ ಒಂದೇ ನಿರ್ಧಾರವನ್ನು ಕೈಬಿಡದೆ ಹಿಡಿದಿತ್ತಲ್ಲ! ಐದು ವರ್ಷದಾಚೆಗೆ ಯೋಚಿಸಲು ತಿಣುಕುವ ಕಾಲದಿಂದ ಹೋದ ನನಗೆ ಅದರ ಮುಂದೆ ಗೌರವದಿಂದ ತಲೆ ತಗ್ಗಿತು.

ಊರಿನ ಉಳಿದ ವೈಭವವೂ ಸಣ್ಣದಲ್ಲ. ತುರ್ಕರ ಭಯದಿಂದ ಕೋಟೆಯಾದ ಹಳೆಯ ಚರ್ಚು ಇದೆ. ಅದೇ ಭಯದಿಂದ 1571ರಲ್ಲಿ ಕಟ್ಟಿ ಮುಗಿಸಿದ ಕಾವಲು ಕೋಟೆ ಇದೆ. ಎದುರಿನ ಶಂಕುವಿನಂಥ ಗುಡ್ಡದ ಮೇಲೆ ಕ್ರಿಸ್ತನ ಶಿಲುಬೆಯ ಹಾದಿಯನ್ನು ನೆನಪಿಸುವ ಕಾಲ್ವಾರಿಯ ಚರ್ಚುಗಳೂ ಪ್ರಾರ್ಥನಾ ಮಂದಿರಗಳೂ ಸಾಲಾಗಿವೆ. ಸಾಮ್ರಾಜ್ಞಿ ಮರಿಯಾ ತೆರೇಸಾ 1762ರಲ್ಲಿ ಬೆಳೆಸಿದ ಗಣಿ ಅಕಾಡೆಮಿಯಲ್ಲಿ ವಿದ್ಯಾರ್ಥಿಗಳು ಸ್ವತಃ ಪ್ರಯೋಗ ಮಾಡಿ ರಸಾಯನಶಾಸ್ತ್ರ ಕಲಿಯುತ್ತಿದ್ದರು; ಪ್ಯಾರಿಸ್ಸಿನ ಪಂಡಿತರೂ ಅದನ್ನು ಮಾದರಿಯೆಂದರು. ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ ಒಡೆದ ಮೇಲೆ 1919ರಲ್ಲಿ ಅಕಾಡೆಮಿ ಹಂಗೇರಿಯ ಷೊಪ್ರೊನಿಗೆ ಹೋಯಿತು. ಒಂದು ಕಾಲಕ್ಕೆ ಹಂಗೇರಿ ರಾಜ್ಯದ ಅತಿ ದೊಡ್ಡ ಪಟ್ಟಣಗಳಲ್ಲಿ ಒಂದಾಗಿದ್ದ ಊರಿನಲ್ಲಿ ಈಗ ಸುಮಾರು ಹತ್ತು ಸಾವಿರ ಜನ. ಬೆಳ್ಳಿಯ ಕಾಲ ಮುಗಿದಿದೆ. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ನಿಂತ ಮೇಲೆ ಅವುಗಳ ಆಳದಲ್ಲಿ ನೀರು ತುಂಬಿಕೊಂಡದ್ದನ್ನು ಬಲ್ಲ ನಮಗೆ, ಗಣಿ ಮುಗಿದ ಊರಿನ ಮೌನ ಹೊಸದೇನಲ್ಲ.

ಆದರೆ ಇಲ್ಲಿ ಉಳಿದದ್ದು ಏನು ಎನ್ನುವುದನ್ನು ನೋಡಬೇಕು. ಬೆಳ್ಳಿಗಾಗಿ ಕೆರೆ ಕಟ್ಟಿದರು. ಬೆಳ್ಳಿ ನಾಣ್ಯವಾಗಿ, ಯುದ್ಧಗಳ ಖರ್ಚಾಗಿ ಹಂಚಿಹೋಯಿತು. ಸಾಧನವೆಂದು ಕಟ್ಟಿದ ಕೆರೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಇನ್ನೂ ಇವೆ. ಬೇಸಗೆಯಲ್ಲಿ ಕ್ಲಿಂಗರ್ ಮತ್ತು ಪೊಚೂವಾಡ್ಲೊ ಕೆರೆಗಳಲ್ಲಿ ಮಕ್ಕಳು ಈಜುತ್ತಾರೆ. 1740ರ ದಶಕದಲ್ಲಿ ಕಟ್ಟಿದ ರೊಜ್‌ಗ್ರುಂಡ್ ಕೆರೆಯ ನೀರನ್ನು ಕುಡಿಯಲು ಬಳಸುತ್ತಾರೆ. 1993ರಲ್ಲಿ ಯುನೆಸ್ಕೊ ಈ ಪಟ್ಟಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಸುತ್ತಲಿನ ತಾಂತ್ರಿಕ ಸ್ಮಾರಕಗಳನ್ನೂ ಹೆಸರಿನಲ್ಲೇ ಸೇರಿಸಿಕೊಂಡಿತು. ಅದು ಸರಿಯಾದ ತೀರ್ಮಾನ. ಅರಮನೆಗೆ ಸಲ್ಲುವ ಮರ್ಯಾದೆ ಒಂದು ಮಣ್ಣಿನ ಏರಿಗೂ ಸಲ್ಲಬೇಕು.

ಸ್ಲೊವಾಕಿಯಾಕ್ಕೆ ಹೋಗುವವರು ಬ್ರಾಟಿಸ್ಲಾವಾ ನೋಡಿ ತತ್ರಾ ಪರ್ವತಗಳತ್ತ ಓಡಿಬಿಡುತ್ತಾರೆ. ನಡುವೆ ಎರಡು ದಿನ ಇಲ್ಲಿ ಇಳಿಯಿರಿ. ಬಾರ್ತೊಲೊಮೆಯ್ ಗಣಿಯಲ್ಲಿ ಹೆಲ್ಮೆಟ್ಟು ತೊಟ್ಟು, ದೀಪ ಹಿಡಿದು ಕೆಳಗಿಳಿಯಿರಿ. ಚಾವಣಿಯಿಂದ ತೊಟ್ಟಿಕ್ಕುವ ನೀರನ್ನು ಅಂಗೈಯಲ್ಲಿ ಹಿಡಿದು ನೋಡಿ. ಮಾರನೆಯ ದಿನ ಯಾವುದಾದರೂ ಕೆರೆಯ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯಿರಿ. ಚರ್ಚುಗಳನ್ನು ಆಮೇಲೆ ನೋಡಿದರಾಯಿತು.