ಬಾರದಿರುವ ವರ

ವೈಪೌವಾ ಕಾಡಿನ ಒಡೆಯನೇ, ತಾನೆ ಮಹುತಾ, ಆಕ್ಲೆಂಡಿನ ಬಾಡಿಗೆ ಮನೆಯಿಂದಲೇ ಕೈಮುಗಿಯುತ್ತಿದ್ದೇನೆ. ದರ್ಶನಕ್ಕೆ ಬರಲಿಲ್ಲವೆಂದು ಮುನಿಯಬೇಡ. ಭೂಮಿತಾಯಿಗೆ ಬೆನ್ನು ಕೊಟ್ಟು ಮಲಗಿ, ಆಕಾಶತಂದೆಯನ್ನು ಕಾಲಿನಿಂದ ಮೇಲೆತ್ತಿ ಲೋಕಕ್ಕೆ ಬೆಳಕು ಬಿಟ್ಟ ಮಾವೋರಿ ದೇವರ ಹೆಸರು ಹೊತ್ತವನು ನೀನು. ಸುಮಾರು 50 ಮೀಟರ್ ಎತ್ತರದ ಕೌರಿ ಮರ.

ನಿನ್ನಂಥವನನ್ನು ಕೆಡವಲು ಗುಂಡುಸೂಜಿಯ ತಲೆಯಷ್ಟು ಮಣ್ಣು ಸಾಕಂತೆ. ಫೈಟಾಫ್ತೊರ ಅಗಥಿಡಿಸಿಡಾ ಎಂದು ಆ ಶತ್ರುವಿಗೆ ಹೆಸರಿಟ್ಟದ್ದೇ 2015ರಲ್ಲಿ. ನೋಡಲು ಶಿಲೀಂಧ್ರದ ಹಾಗೆ, ಕುಲದಲ್ಲಿ ಪಾಚಿಗೆ ಹತ್ತಿರ. ನೆಲ ಒದ್ದೆಯಾದರೆ ಅದರ ಬೀಜಾಣುಗಳು ಬಾಲ ಬಡಿಯುತ್ತ ಈಜಿ ಬರುತ್ತವೆ, ಮೇಲ್ಮಣ್ಣಿನಲ್ಲೇ ಹರಡಿದ ಎಳೆಬೇರು ಹೊಕ್ಕು ಕೊಳೆಸುತ್ತವೆ. ಬುಡದಲ್ಲಿ ಅಂಟು ಸುರಿಯುತ್ತದೆ, ಎಲೆ ಹಳದಿಯಾಗುತ್ತದೆ, ನೆತ್ತಿ ಬರಿದಾಗುತ್ತದೆ. ಫಾಸ್ಫೈಟ್ ಚುಚ್ಚಿದರೆ ಅದರ ಓಟ ನಿಧಾನವಾದೀತು, ರೋಗ ವಾಸಿಯಾಗದು.

ಈ ಶತ್ರುವಿನ ಕುಲದ ಪರಿಚಯ ನನಗುಂಟು. ಮಲೆನಾಡಿನ ಅಡಿಕೆತೋಟದವನು ನಾನು. ಆಷಾಢದಲ್ಲಿ ಮಳೆ ಒಂದಿಷ್ಟು ಹೊಳವಾದರೆ ಸಾಕು, ಕೊನೆಗೌಡ ಮರ ಹತ್ತಿ ಮೈಲುತುತ್ತ ಸುಣ್ಣದ ಔಷಧಿ ಹೊಡೆಯಬೇಕು. ತಪ್ಪಿದರೆ ಕೊಳೆ ಬಂದು ಹಸಿರುಕಾಯಿ ತೋಟದ ತುಂಬ ಉದುರುತ್ತದೆ. ಅದೂ ಒಂದು ಫೈಟಾಫ್ತೊರವೇ. ಆದರೆ ನಮ್ಮ ಮರ ಸಾಮಾನ್ಯವಾಗಿ ಮರುವರ್ಷ ಮತ್ತೆ ಹಿಂಗಾರ ಬಿಡುತ್ತದೆ. ನಿಮ್ಮ ಕುಲಕ್ಕೆ ಆ ಸಮಾಧಾನವೂ ಇಲ್ಲ.

ನಮ್ಮಲ್ಲಿ ಭಕ್ತಿಯೆಂದರೆ ಹತ್ತಿರ ಹೋಗುವುದು. ಕ್ಯೂ ನಿಂತು, ನೂಕಿಸಿಕೊಂಡು, ಗರ್ಭಗುಡಿಯ ಹೊಸ್ತಿಲತನಕ. ಚಪ್ಪಲಿ ಹೊರಗೆ ಬಿಟ್ಟರೆ ಶುದ್ಧಿಯ ಕೆಲಸ ಮುಗಿಯಿತು! ಇಲ್ಲಿ ಬೂಟಿನ ಅಟ್ಟೆಯ ಸಂದುಸಂದಿನ ಮಣ್ಣನ್ನು ಬ್ರಷ್ಷಿನಿಂದ ತಿಕ್ಕಿ, ಔಷಧಿ ಹಾಕಿಕೊಂಡು, ಹಲಗೆ ಹಾಸಿದ ದಾರಿಯಿಂದ ಕೆಳಗಿಳಿಯದೆ ನಡೆಯಬೇಕು. 2017ರ ಡಿಸೆಂಬರಿನಲ್ಲಿ ತೆ ಕವೆರೌ ಆ ಮಾಕಿ ಎಂಬ ಮಾವೋರಿ ಜನ ಆಕ್ಲೆಂಡಿನ ವೈತಾಕೆರೆ ಕಾಡಿಗೆ ರಾಹುಯಿ ಎಂಬ ನಿಷೇಧ ಹಾಕಿದರು: ಕಾಡು ಚೇತರಿಸುವವರೆಗೆ ಯಾರೂ ಕಾಲಿಡಕೂಡದು. ದೇವರಕಾಡಿನ ಕಟ್ಟಳೆ ಕೇಳಿ ಬೆಳೆದ ನನಗೆ ಅದು ಹೊಸದೆನಿಸಲಿಲ್ಲ. ಆದರೂ ಲೆಕ್ಕಿಸದೆ ನಡೆದವರು ಬಹಳ. ನಗರಾಡಳಿತ ಕಾಡನ್ನು ಮುಚ್ಚಿದ್ದು ಮರುವರ್ಷ. ಅದೇ ವರ್ಷ ನಿನ್ನಿಂದ ಸುಮಾರು 60 ಮೀಟರ್ ದೂರದಲ್ಲೂ ರೋಗ ಪತ್ತೆಯಾಯಿತು.

ಆದ್ದರಿಂದ ಆಯುರಾರೋಗ್ಯ ಕೇಳುವುದಿಲ್ಲ, ಬಾರದಿರುವ ಮನಸ್ಸು ಕೊಡು. ಊರಿಂದ ಬಂದ ನೆಂಟರು "ಅಷ್ಟು ದೊಡ್ಡ ಮರವಂತೆ, ಬುಡ ಮುಟ್ಟಿ ನಮಸ್ಕಾರ ಮಾಡಿ ಬರಣ" ಎಂದಾಗ ಬೇಡವೆನ್ನುವ ನಾಲಿಗೆ ಕೊಡು. ಬಂದೇಬಿಟ್ಟರೆ ಬ್ರಷ್ಷಿನ ಮುಂದೆ ಬಗ್ಗುವ ಸೊಂಟ ಕೊಡು. ಇನ್ನು ಕಾಡುಹಂದಿಗಳು. ಅವುಗಳ ಗೊರಸಿಗೂ ಮಣ್ಣು ಮೆತ್ತುತ್ತದೆ, ಬೋರ್ಡು ಓದಲು ಅವಕ್ಕೆ ಬರುವುದಿಲ್ಲ. ಅವನ್ನು ನೀನೇ ನೋಡಿಕೊಳ್ಳಬೇಕು.