ಜೀವದಯೆ ಮತ್ತು ಪಕ್ಷಿಸಂತತಿ

ಪಂಜರದ ಹಕ್ಕಿಯನ್ನು ಹಣ ಕೊಟ್ಟು ಬಿಡಿಸುವುದು, ಬಸದಿಯ ಅಂಗಳದಲ್ಲಿ ಜೋಳ ಚೆಲ್ಲುವುದು ನಮ್ಮ ಮನೆತನಗಳಲ್ಲಿ ನಡೆದುಬಂದ ಜೀವದಯೆ. ಈ ದಯೆ ಕಣ್ಣೆದುರಿನ ಜೀವವನ್ನಷ್ಟೇ ನೋಡಿದರೆ ಸಾಕೆ, ಹುಟ್ಟಲಿರುವ ಸಂತತಿಯನ್ನೂ ನೋಡಬೇಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಅಮೆರಿಕದ ಪಶ್ಚಿಮ ಭಾಗದ ಹೌಸ್ ಫಿಂಚ್ ಎಂಬ ಪುಟ್ಟ ಹಕ್ಕಿಯನ್ನು ವ್ಯಾಪಾರಿಗಳು ಪಂಜರದಲ್ಲಿಟ್ಟು ಪೂರ್ವದಲ್ಲಿ ಮಾರುತ್ತಿದ್ದರು. 1940ರ ಸುಮಾರಿಗೆ, ಕಾನೂನಿನ ಭಯದಿಂದ, ನ್ಯೂಯಾರ್ಕ್ ಬಳಿ ಕೆಲವನ್ನು ಹಾರಬಿಟ್ಟರು. ಸಂತತಿ ಅಪಾರವಾಗಿ ಬೆಳೆಯಿತು. ಆದರೆ ಎಲ್ಲವೂ ಆ ಕೆಲವೇ ಹಕ್ಕಿಗಳ ವಂಶ. 1994ರಲ್ಲಿ ಕೋಳಿಗಳಿಗೆ ತಗಲುವ ಮೈಕೊಪ್ಲಾಸ್ಮಾ ರೋಗಾಣು ಅವುಗಳಲ್ಲಿ ಕಾಣಿಸಿತು. ಕಣ್ಣು ಬಾತು, ಕುರುಡಾಗಿ, ಆಹಾರ ಕಾಣದೆ ಅಸಂಖ್ಯ ಹಕ್ಕಿಗಳು ಸತ್ತವು. ಜನರು ಪ್ರೀತಿಯಿಂದ ಕಾಳು ಇಟ್ಟ ತಾಣಗಳಲ್ಲೇ ರೋಗ ಹಬ್ಬಿತು. ವಂಶವಾಹಿಗಳಲ್ಲಿ ವೈವಿಧ್ಯ ಹೆಚ್ಚಿದ್ದ ಹಕ್ಕಿಗಳಲ್ಲಿ ಈ ರೋಗ ಸೌಮ್ಯವಾಗಿತ್ತೆಂದು 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹಕ್ಕಿಗಳಿಗೆ ರೋಗವಂಟಿಸಿ ನಡೆಸಿದ ಆ ಪ್ರಯೋಗದ ಹಿಂಸೆಯನ್ನು ನಾವು ಒಪ್ಪಲಾರೆವು. ಅದು ತಿಳಿಸಿದ ಸತ್ಯವನ್ನು ಅಲ್ಲಗಳೆಯಲೂ ಆಗದು.

ರೋಗಾಣುವನ್ನು ಗುರುತಿಸುವ ಶಕ್ತಿ ವಂಶವಾಹಿಗಳಿಂದ ಬರುತ್ತದೆ. ಅವು ಬಗೆಬಗೆಯಾಗಿದ್ದಷ್ಟೂ ಗುರುತಿಸಲಾಗುವ ರೋಗಾಣುಗಳು ಹೆಚ್ಚು. ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ, ಖಾತೆಯ ಮೊತ್ತ ದೊಡ್ಡದಿದ್ದ ಮಾತ್ರಕ್ಕೆ ಅಂಗಡಿ ಭದ್ರವಲ್ಲ. ಬಾಕಿಯೆಲ್ಲ ಒಬ್ಬನೇ ಗಿರಾಕಿಯ ಮೇಲಿದ್ದರೆ ಅವನ ದಿವಾಳಿಯೇ ನಮ್ಮ ದಿವಾಳಿ.

ನಮ್ಮ ನಾಡಿನ ಎರೆಭೂತ ಪಕ್ಷಿಯಲ್ಲಿ ಮೊತ್ತವೂ ಇಲ್ಲ, ವೈವಿಧ್ಯವೂ ಅತ್ಯಲ್ಪ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ ಉಳಿದಿರುವವು ಬೆರಳೆಣಿಕೆಯಷ್ಟು. ಹುಲ್ಲುಗಾವಲಿನ ನಾಶ, ವಿದ್ಯುತ್ ತಂತಿಗಳ ಹಾವಳಿಗಳ ಮೇಲೆ ಒಂದು ಹೊಸ ರೋಗವೂ ಬಂದರೆ ತಡೆಯುವ ಬಲವೆಲ್ಲಿ?

ದುರ್ಬಲವು ಸತ್ತು ಸಬಲವು ಉಳಿಯುವುದು ನಿಸರ್ಗನಿಯಮ, ನಾವೇಕೆ ನಡುವೆ ಬರಬೇಕೆಂದು ಕೆಲವರು ಕೇಳಬಹುದು. ಆದರೆ ಪಂಜರ ಮಾಡಿದ್ದು, ಬಯಲನ್ನು ಕಿರಿದುಗೊಳಿಸಿದ್ದು ನಿಸರ್ಗವಲ್ಲ, ಮನುಷ್ಯನ ಲೋಭ. ಆದುದರಿಂದ ಹೊಣೆಯೂ ನಮ್ಮದೇ.

ದಯೆಯನ್ನು ಬಿಡಬೇಕಿಲ್ಲ, ತಿದ್ದಿಕೊಳ್ಳಬೇಕು. ಹಕ್ಕಿಯನ್ನು ಕೊಂಡು ಬಿಡುವವನ ಹಣ ಮತ್ತೊಂದು ಬಲೆಗೆ ಬಂಡವಾಳವಾಗುತ್ತದೆ, ಅದು ನಿಲ್ಲಲಿ. ಗುಣಪಡಿಸಿದ ಹಕ್ಕಿಯನ್ನು ಸಿಕ್ಕಿದ ನೆಲೆಯಲ್ಲೇ ಬಿಡೋಣ. ಕಾಳನ್ನು ಒಂದೇ ಕಟ್ಟೆಯಲ್ಲಿ ಸುರಿಯದೆ ಹಲವೆಡೆ ಸ್ವಲ್ಪಸ್ವಲ್ಪ ಚೆಲ್ಲೋಣ, ನೀರಿನ ಪಾತ್ರೆಯನ್ನು ದಿನವೂ ತೊಳೆಯೋಣ. ಟ್ರಸ್ಟುಗಳು ಕಾಳಿನ ನಿಧಿಯ ಒಂದು ಪಾಲನ್ನು ಸುರಪುರ ತಾಲೂಕಿನ ಬೋನಾಳದಂತಹ ಕೆರೆಗಳ, ಹುಲ್ಲುಬಯಲುಗಳ ರಕ್ಷಣೆಗೆ ತೆಗೆದಿಡಲಿ. ಹಲವು ನೆಲೆಗಳು ಉಳಿದರೆ ಹಲವು ವಂಶಗಳು ಉಳಿಯುತ್ತವೆ. ಹುಟ್ಟದಿರುವ ಹಕ್ಕಿಗೂ ಅಭಯ ಸಿಗುವುದು ಅಲ್ಲಿಯೇ.